ಅಂಗೈ ಸುಡದ ನೀರು

ಕಾರಿನ ಚಕ್ರದ ಕಡ್ಡಿಗಳ ಸಂದಿಗೆ ಪೂವಪ್ಪನ ಬೆರಳು ಹೋಗುತ್ತಿರಲಿಲ್ಲ. ಒಂದೊಂದು ಚಕ್ರಕ್ಕೂ ಅರವತ್ತಕ್ಕೆ ಮಿಕ್ಕಿದ ಕಡ್ಡಿಗಳು, ಬುಟ್ಟಿ ಹೆಣೆದ ಹಾಗೆ ಒಂದರ ಮೇಲೊಂದು ಹಾದುಹೋಗಿದ್ದವು. ಕೊಳೆ ಕೂತಿದ್ದದ್ದು ಅವುಗಳ ನಡುವೆಯೇ. ಬ್ರೇಕಿನ ಕರಿ ಹುಡಿ, ಡಾಂಬರು, ಅದರ ಮೇಲೆ ಉಪ್ಪುಗಾಳಿ ತಂದ ಕಂದು ಕಲೆ.

ಸಾಂತಾಕ್ರೂಜಿನ ವಿಮಾನ ನಿಲ್ದಾಣದ ರಸ್ತೆಯಲ್ಲಿ ರಮಾನಾಥರು ಬಾಡಿಗೆ ಕಾರುಗಳ ಶೆಡ್ಡು ಇಟ್ಟಿದ್ದರು. ಮೊದಲು ಹೋಟೆಲು ನಡೆಸಿದವರು. ಅಲ್ಲಿ ಹನ್ನೊಂದು ವರ್ಷ ಪಾತ್ರೆ ತಿಕ್ಕಿದ ಪೂವಪ್ಪನನ್ನು ಈಗ ಕಾರು ತೊಳೆಯಲು ಇರಿಸಿಕೊಂಡಿದ್ದರು. ಸೋಮವಾರ ವಿಮಾನ ಕಂಪನಿಯ ಸಾಹೇಬರು ಕಾರು ನೋಡಲು ಬರುವವರಿದ್ದರು. ಮೆಚ್ಚಿದರೆ ಪ್ರಯಾಣಿಕರನ್ನು ಕರೆತರುವ ಕೆಲಸವೆಲ್ಲ ಈ ಶೆಡ್ಡಿಗೆ.

"ಸಾಹೇಬ ಮೊದಲು ನೋಡುವುದು ಚಕ್ರ. ಸೀಟಲ್ಲ, ಇಂಜಿನಲ್ಲ," ಎಂದರು ರಮಾನಾಥರು. "ಕೊಳೆ ಹೋಗ್ಬೇಕು, ಮೇಲಿನ ಕ್ರೋಮು ಲೇಪ ಉಳೀಬೇಕು. ಕ್ರೋಮು ಹೋದ್ರೆ ಅದರ ಹಿಂದೆ ನೀನೂ ಹೋಗ್ಲಿಕ್ಕುಂಟು."

ಪೂವಪ್ಪ ಹೆಚ್ಚುವರಿ ಚಕ್ರವೊಂದನ್ನು ಗೋಡೆಗೆ ಒರಗಿಸಿ ನಾಲ್ಕು ಕಡ್ಡಿಗಳಿಗೆ ನೂಲು ಕಟ್ಟಿದ. ಮೊದಲನೆಯದಕ್ಕೆ ಸೀಮೆಎಣ್ಣೆ. ಡಾಂಬರು ಕರಗಿತು, ಕಂದು ಕಲೆ ಅಲುಗಲಿಲ್ಲ. ಎರಡನೆಯದಕ್ಕೆ ಅಂಟುವಾಳದ ನೊರೆ. ಅದರಿಂದ ಏನೂ ಆಗಲಿಲ್ಲ. ಹುಣಸೆಹುಳಿ ತಿಕ್ಕಿದ ಕಡ್ಡಿ ಹಿತ್ತಾಳೆ ಚೊಂಬಿನಂತೆ ಬೆಳಗಿತು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಅಲ್ಲಿ ಸಣ್ಣ ಸಣ್ಣ ತುಕ್ಕಿನ ಚುಕ್ಕೆಗಳು ಎದ್ದಿದ್ದವು. ನಾಲ್ಕನೆಯ ಕಡ್ಡಿಗೆ ಏನು ಹಾಕುವುದೆಂದು ಅವನಿಗೆ ಗೊತ್ತಿರಲಿಲ್ಲ.

ಅದನ್ನು ಕೊಟ್ಟವನು ಕುರ್ಲಾ ಚಾಳಿನಲ್ಲಿ ಪಕ್ಕದ ಖೋಲಿಯ ಸಂಗಪ್ಪ. ಗದಗಿನ ಕಡೆಯವನು. ಗಾಜಿನ ಮೇಲೆ ಹೂಬಳ್ಳಿ ಕೊರೆಯುವ ಕಾರ್ಖಾನೆಯಲ್ಲಿ ಕೂಲಿ. ಒಳಗೆಲ್ಲ ಮೇಣ ಸವರಿದ ಡಬ್ಬಿಯೊಂದರಲ್ಲಿ ಅಲ್ಲಿ ಬಳಸುವ ನೀರಿನಂಥದ್ದೊಂದನ್ನು ತುಂಬಿ, ಚೀಲದಲ್ಲಿ ಅಡಗಿಸಿ ತಂದ.

"ಎಂಥಾ ಕಲಿ ಇದ್ರೂ ಕಿತ್ತು ಒಗೀತೈತಿ ನೋಡಣ್ಣಾ. ಆದ್ರ ನಮ್ಮ ಮೇಸ್ತ್ರಿ ರಬ್ಬರ ಕೈಗವಸು ಹಾಕ್ಕೊಳ್ದ ಇದನ್ನ ಮುಟ್ಟಂಗಿಲ್ಲ."

"ನೀನು?"

"ನಮಗೆಲ್ಲೀ ರಬ್ಬರೋ ಮಾರಾಯಾ! ನಾವು ದೂರ ನಿಂತು ಗಾಡಿ ನೂಕಾವ್ರು. ನಾ ತಂದಿದ್ದು ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಅನ್ನಕ್ಕ ಕಲ್ಲು ಬೀಳತೈತಿ."

ಪೂವಪ್ಪ ಒಂದು ಪಾಲಿಗೆ ಆರು ಪಾಲು ನೀರು ಬೆರೆಸಿದ. ನಾಲ್ಕನೆಯ ಕಡ್ಡಿ ಒಂದೇ ಸಲ ಒರೆಸುವಷ್ಟರಲ್ಲಿ ಹೊಳೆಯಿತು. ಎರಡು ದಿನ ಕಾದ. ತುಕ್ಕು ಬರಲಿಲ್ಲ, ಕ್ರೋಮು ಏಳಲಿಲ್ಲ.

ಉಳಿದದ್ದು ಕೈಯ ಪರೀಕ್ಷೆ. ಅದು ಅವನಿಗೆ ಹೋಟೆಲಿನ ಅಡಿಗೆಮನೆ ಕಲಿಸಿದ ವಿದ್ಯೆ. ಅಲ್ಲಿ ಬೆಳಿಗ್ಗೆ ಕಾಸ್ಟಿಕ್ ಸೋಡಾ ಕಲಸಿದ ಕೂಡಲೇ ಯಾರಾದರೊಬ್ಬ ಅಂಗೈ ಅದ್ದಿ ನೋಡಬೇಕು. ಚುರುಗುಟ್ಟಿದರೆ ಇನ್ನೊಂದು ಕೊಡ ನೀರು. ಸುಮ್ಮನಿದ್ದರೆ ಎಲ್ಲರೂ ಕೈಯಿಕ್ಕಬಹುದು. ಹನ್ನೊಂದು ವರ್ಷ ಆ ಅಂಗೈ ಪೂವಪ್ಪನದೇ ಆಗಿತ್ತು, ಒಂದು ದಿನವೂ ತಪ್ಪಿರಲಿಲ್ಲ.

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ರಮಾನಾಥರ ಎದುರಿಗೇ, ಹೆಂಡತಿ ವಾರಿಜಾಳ ಎದುರಿಗೇ ಅಂಗೈ ಮೇಲೆ ಆ ಬೆರಕೆ ನೀರು ಸುರಿದುಕೊಂಡು ನೂರರವರೆಗೆ ಎಣಿಸಿದ. ಏನೂ ಆಗಲಿಲ್ಲ. ನಲ್ಲಿಯ ಕೆಳಗೆ ಕೈ ತೊಳೆದುಕೊಂಡ.

"ನಿಮ್ಮದು ಕೈಯಾ ಅದು, ಎಮ್ಮೆ ಚರ್ಮ," ಎಂದು ವಾರಿಜಾ ನಕ್ಕಳು. "ಕೆಂಡ ಇಟ್ರೂ ನಿಮಗೆ ಗೊತ್ತಾಗ್ಲಿಕ್ಕಿಲ್ಲ."

"ಸುಟ್ರೆ ಹೇಳು ಮಾರಾಯ್ತಿ, ಬಿಟ್ಟುಬಿಡುವ."

ಅವಳನ್ನು ಕರೆತಂದದ್ದೇ ಅವಳ ಸಣ್ಣ ಬೆರಳುಗಳಿಗಾಗಿ. ಮಂಗಳೂರಿನಲ್ಲಿ ಎಂಟನೆಯ ವಯಸ್ಸಿನಿಂದ ಬೀಡಿ ಕಟ್ಟಿದ ಬೆರಳುಗಳು. ಎಲೆ ಸುತ್ತಿ ತುದಿ ಮಡಚುವ ವೇಗಕ್ಕೆ ಅವು ಕಣ್ಣಿಗೇ ಕಾಣುತ್ತಿರಲಿಲ್ಲ. ಅವಳು ಬಟ್ಟೆಯ ಚೂರನ್ನು ಆ ನೀರಿನಲ್ಲಿ ಅದ್ದಿ ಕಡ್ಡಿಗಳ ನಡುವೆ ತೂರಿಸಿದಳು. ನಾಲ್ಕು ಚಕ್ರಗಳಿಗೆ ಮಧ್ಯಾಹ್ನದವರೆಗೆ ಹಿಡಿಯಿತು. ನಡುನಡುವೆ "ಸುಡ್ತದಾ?" ಎಂದು ಪೂವಪ್ಪ ಕೇಳಿದ. "ಇಲ್ಲ, ತಂಪುಂಟು," ಎಂದಳು. ಚಕ್ರಗಳು ಕಣ್ಣು ಕೋರೈಸುವಂತೆ ಹೊಳೆದವು.

ಬೆರೆಸಿ ಮಿಕ್ಕ ನೀರನ್ನು ಪೂವಪ್ಪ ಖಾಲಿ ಔಷಧದ ಬಾಟಲಿಗೆ ತುಂಬಿಸಿ ಮನೆಗೆ ತಂದು ಕಿಟಕಿಯಲ್ಲಿಟ್ಟ. ಡಬ್ಬಿ ಶೆಡ್ಡಿನಲ್ಲೇ ಉಳಿಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ವಾರಿಜಾ, ಉಗುರಿನ ಒಳಗೆ ಏನೋ ಮಿಡುಕುತ್ತದೆ ಎಂದಳು. ಊಟಕ್ಕೆ ಕೂತವಳು ತುತ್ತು ಎತ್ತಲಾರದೆ ಎದ್ದಳು. ಚರ್ಮದ ಮೇಲೆ ಬೊಬ್ಬೆಯಿಲ್ಲ, ಕೆಂಪಿಲ್ಲ. ನೋಡುವವರಿಗೆ ಕೈ ನೆಟ್ಟಗೇ ಇತ್ತು. ಬೆಳಗಾಗುವಷ್ಟರಲ್ಲಿ ಅವಳು ಸೆರಗನ್ನು ಕಚ್ಚಿ ಕಚ್ಚಿ ಹರಿದಿದ್ದಳು.

ಕುರ್ಲಾದ ದವಾಖಾನೆಯಲ್ಲಿ ಡಾಕ್ಟರ್ ಕೇಶವಮೂರ್ತಿ, ಮೈಸೂರಿನವರು, ಬೆರಳುಗಳನ್ನು ತಿರುಗಿಸಿ ನೋಡಿದರು. "ಏನಮ್ಮಾ ಮುಟ್ಟಿದೆ?"

ವಾರಿಜಾ ಗಂಡನ ಮುಖ ನೋಡಿದಳು. ಪೂವಪ್ಪನ ಕಣ್ಣಿಗೆ ಸಂಗಪ್ಪ ಕಂಡ, ರಮಾನಾಥರು ಕಂಡರು, ಆ ಹೊತ್ತಿಗೆ ಶೆಡ್ಡಿನಲ್ಲಿ ಕಾರಿನ ಸುತ್ತ ನಡೆಯುತ್ತಿರಬಹುದಾದ ಸಾಹೇಬ ಕಂಡ.

"ಸೋಡಾ ನೀರು, ಡಾಕ್ಟ್ರೇ. ಪಾತ್ರೆ ತಿಕ್ಕುವ ಸೋಡಾ."

"ನೀನು ಹೇಳಮ್ಮ."

"ಅವರು ಹೇಳಿದ್ದೇ," ಎಂದಳು ವಾರಿಜಾ.

ಡಾಕ್ಟರು ಮುಲಾಮು ಕೊಟ್ಟರು, ನೋವಿಗೆ ಪುಡಿ ಕೊಟ್ಟರು. ಸೋಡಾದಿಂದ ಆದ ಸುಟ್ಟ ಗಾಯ ಎಂದು ಚೀಟಿ ಬರೆದರು. ಪೂವಪ್ಪ ರಜೆ ಕೇಳುವಾಗ ಅದನ್ನೇ ರಮಾನಾಥರಿಗೆ ಕೊಟ್ಟ. ಸಾಹೇಬರು ಒಪ್ಪಿದ ಖುಷಿಯಲ್ಲಿದ್ದ ಅವರು ಚೀಟಿಯನ್ನು ಜೇಬಿಗೆ ಸೇರಿಸಿ, "ಹೆಂಗಸರಿಗೆ ಸೋಡಾ ಆಗಿಬರುವುದಿಲ್ಲ," ಎಂದರು.

ಅವನು ಮನೆಗೆ ಬಂದಾಗ ಬೆರಳ ತುದಿಗಳು ಬೂದುಬಣ್ಣಕ್ಕೆ ತಿರುಗಿದ್ದವು. ವಾರಿಜಾ ಅಳುತ್ತಿರಲಿಲ್ಲ. ಗೋಡೆಗೆ ತಲೆ ಆನಿಸಿ, ಒಂದೇ ಸಮನೆ ಹಿಂದೆ ಮುಂದೆ ತೂಗುತ್ತಿದ್ದಳು. ಆ ನೋಟ ತಡೆಯಲಾರದೆ ಪೂವಪ್ಪ ಕಿಟಕಿಯ ಕಡೆ ತಿರುಗಿದ. ಬಾಟಲಿಯ ಗಾಜು ಮಸುಕಾಗಿತ್ತು. ಧೂಳೆಂದುಕೊಂಡು ಪಂಚೆಯ ತುದಿಯಿಂದ ಒರೆಸಿದ. ಮಸುಕು ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದ. ನೀರು ನಿಂತ ಮಟ್ಟದವರೆಗೂ ಒಳಗಿನಿಂದ ಗಾಜು ತಿಂದುಹೋಗಿ ಹಾಲಿನ ಬಣ್ಣಕ್ಕೆ ಬಂದಿತ್ತು.

ಗಾಜನ್ನು ತಿನ್ನುವ ನೀರು ತನ್ನ ಅಂಗೈಯಲ್ಲಿ ಸುಮ್ಮನೆ ಕೂತಿತ್ತಲ್ಲ.

ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಹೆಂಡತಿಯ ತೋಳು ಹಿಡಿದು ಅವನು ದವಾಖಾನೆಗೆ ಓಡಿದ. ಡಾಕ್ಟರು ಬಾಟಲಿ ನೋಡಿದರು. ಅವರ ಮುಖ ಒಣಗಿತು.

"ಇದು ಗಾಜು ಕೊರೆಯೋ ಆಸಿಡ್ಡು. ಮೇಲೆ ಸುಡೋದಲ್ಲ ಕಣಯ್ಯ, ಗಂಟೆಗಟ್ಟಲೆ ಮುಟ್ಟಿದ್ರೆ ಒಳಗಿಳಿದು ಮೂಳೆಗೆ ಹೋಗತ್ತೆ. ಬೆಳಿಗ್ಗೆ ಬಾಯಿ ಬಿಟ್ಟಿದ್ರೆ ಏನಾದ್ರೂ ಮಾಡಬಹುದಿತ್ತು."

ದೊಡ್ಡ ಆಸ್ಪತ್ರೆಯಲ್ಲಿ ಬಲಗೈಯ ಹೆಬ್ಬೆರಳನ್ನೂ ಅದರ ಪಕ್ಕದ ಎರಡು ಬೆರಳುಗಳನ್ನೂ ಅರ್ಧಕ್ಕೆ ತೆಗೆದರು. ಎಚ್ಚರವಾದ ಮೇಲೆ ವಾರಿಜಾ ಮೊದಲು ಕೇಳಿದ್ದು ಅವನ ಅಂಗೈ. ಎಡಗೈಯಿಂದ ಅದನ್ನು ಹಿಡಿದು, ಬೀಡಿ ಎಲೆಯ ನರ ನೋಡುವವಳ ಹಾಗೆ ಬಹಳ ಹೊತ್ತು ನೋಡಿದಳು.

"ನಿಮಗೆ ಏನೂ ಆಗ್ಲಿಲ್ಲ, ಅಲ್ವಾ?" ಎಂದಳು. ಆಮೇಲೆ ಅವನ ಕೈ ಬಿಟ್ಟು ಗೋಡೆಯ ಕಡೆ ಹೊರಳಿದಳು.

ಎಂಟನೆಯ ದಿನ ಪೂವಪ್ಪ ಶೆಡ್ಡಿಗೆ ಹೋದ. ಹೊಸದಾಗಿ ಬಂದ ಕಾರಿನ ಚಕ್ರದ ಮುಂದೆ ಡ್ರೈವರ್ ಐತನ ಹೆಂಡತಿ ಚಂಪಾ ಸೆರಗು ಸಿಕ್ಕಿಸಿ ಕೂತಿದ್ದಳು. ಪಕ್ಕದಲ್ಲಿ ಮೇಣ ಸವರಿದ ಡಬ್ಬಿ, ನೀರಿನ ಬಾಲ್ದಿ.

"ಬನ್ನಿ ಪೂವಪ್ಪಣ್ಣ," ಎಂದಳು. "ಇದು ಸುಡ್ತದಾ? ನನಗೆ ಹೆದರಿಕೆ. ನೀವು ಅಂಗೈಗೆ ಹಾಕಿ ನೋಡಿದ್ದಂತೆ, ಹೌದಾ?"

"ನನ್ನೆದುರೇ ನೋಡಿದ್ದು," ಎಂದರು ರಮಾನಾಥರು. ಜೇಬಿನಿಂದ ಚೀಟಿ ತೆಗೆದು ಆಡಿಸಿದರು. "ವಾರಿಜನ ಬೆರಳು ಹೋದದ್ದು ಸೋಡಾದಿಂದ. ಡಾಕ್ಟ್ರೇ ಬರ್ದುಕೊಟ್ಟಿದ್ದಾರೆ. ಹೇಳು ಮಾರಾಯ, ಹೊತ್ತಾಗ್ತದೆ."

ಚಂಪಾಳ ಬೆರಳುಗಳೂ ಸಣ್ಣವೇ ಇದ್ದವು. ಹಿಂಡಿದ ಬಟ್ಟೆಯನ್ನು ಹಿಡಿದು ಅವನನ್ನೇ ನೋಡುತ್ತಿದ್ದಳು.

"ಚೀಟಿ ಸುಳ್ಳು," ಎಂದ ಪೂವಪ್ಪ. "ಡಾಕ್ಟ್ರಿಗೆ ನಾನೇ ಸುಳ್ಳು ಹೇಳಿದ್ದು. ಬೆರಳು ತಿಂದದ್ದು ಇದೇ ನೀರು."

ಚಂಪಾ ಬಟ್ಟೆ ಬಿಸಾಡಿ ಎದ್ದು ನಿಂತಳು. ರಮಾನಾಥರು ಚೀಟಿಯನ್ನು ಮಡಚಿ ಜೇಬಿಗೆ ಹಾಕುತ್ತ ಮೆಲ್ಲಗೆ ಹೇಳಿದರು: "ಹಾಗಾದ್ರೆ ಹೆಂಡತಿಯ ಕೈ ತೆಗೆದದ್ದು ನೀನೇ ಅಂತಾಯ್ತು."

"ಹೌದು."

"ತಂದುಕೊಟ್ಟವನು ಯಾರು?"

ಪೂವಪ್ಪ ಅದನ್ನು ಮಾತ್ರ ಹೇಳಲಿಲ್ಲ.

"ನಾಳೆಯಿಂದ ಬರಬೇಡ," ಎಂದರು ರಮಾನಾಥರು.

ಅವನು ಡಬ್ಬಿಯ ಮುಚ್ಚಳ ಬಿಗಿದು ಎತ್ತಿಕೊಂಡು ಹೊರಟ. ಚರಂಡಿಯಲ್ಲಿ ಚೆಲ್ಲೋಣವೆಂದರೆ ಅಲ್ಲಿ ಮಕ್ಕಳು ಕಾಗದದ ದೋಣಿ ಬಿಡುತ್ತಿದ್ದರು. ಮಣ್ಣಿನಲ್ಲಿ ಹೂಳಲು ಸ್ಟೇಷನ್ನಿನವರೆಗೂ ಖಾಲಿ ಮಣ್ಣೇ ಕಾಣಲಿಲ್ಲ. ಸಂಗಪ್ಪನಿಗೇ ಮರಳಿಸಬೇಕು, ದಾದರಿನಲ್ಲಿ ಗಾಡಿ ಬದಲಿಸಿ ಕುರ್ಲಾಕ್ಕೆ ಹೋಗಬೇಕು. ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ಕಡೆಯಿಂದಲೂ ಯಾರ ಯಾರದೋ ಕೈಗಳು ಅವನನ್ನು ಒತ್ತುತ್ತಿದ್ದವು. ಡಬ್ಬಿ ಯಾರಿಗೂ ತಗಲದಂತೆ ಅವನು ತೋಳನ್ನು ತಲೆಯ ಮೇಲೆ ಎತ್ತಿ ನಿಂತ.

"ಕೆಳಗೆ ಇಡೋ, ಕೈ ಸೋಲುತ್ತೆ," ಎಂದು ಪಕ್ಕದವನು ಹಿಂದಿಯಲ್ಲಿ ಹೇಳಿದ.

ದಾದರ್ ಬರುವವರೆಗೂ ಪೂವಪ್ಪ ತೋಳು ಇಳಿಸಲಿಲ್ಲ.