ಪದದ ಮನಿ

ಮಗಳು ಗೀತಾಂಜಲಿ ಲಿಂಗೈಕ್ಯಳಾಗಿ ವರ್ಷ ತುಂಬಿತ್ತು. ಆದರೂ ನಾಗಲಿಂಗಮ್ಮನವರು ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಮೊಬೈಲಿನಲ್ಲಿ ಅವಳ ವೆಬ್‌ಸೈಟು ತೆರೆಯುತ್ತಿದ್ದರು. ಅದರಲ್ಲಿದ್ದ ಹಾಡುಗಳನ್ನು ಕೇಳುತ್ತಿರಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಬರೀ ನೋಡುತ್ತಿದ್ದರು. ಸೀರೆಯ ದಡಿಯಂತೆ ಸುತ್ತ ಹಸಿರು ಅಂಚು, ಮೇಲೆ ‘ಪದದ ಮನಿ’ ಎಂಬ ಹೆಸರು, ಅದರ ಕೆಳಗೆ ‘ಬರ್ರಿ, ಕುಂದರ್ರಿ, ಕೇಳ್ರಿ’ ಎಂಬ ಸಾಲು. ಎಲ್ಲವೂ ಮಗಳ ಕೈಯದೇ.

ಆ ದಿನ ತೆರೆದರೆ ಹಸಿರು ಅಂಚಿನ ನಡುವೆ ಜೂಜಿನ ಜಾಹೀರಾತು ಕುಣಿಯುತ್ತಿತ್ತು. ಕೆಳಗೆ ‘ಬರೆದವರು: ಗೀತಾಂಜಲಿ, ಎರಡು ನಿಮಿಷದ ಹಿಂದೆ’ ಎಂದಿತ್ತು.

ಆ ಒಂದು ಗಳಿಗೆ ಅವರು ಏನನ್ನು ನಂಬಿದರೋ, ಅದನ್ನು ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ.

ತಿಂಡಿ ಮುಟ್ಟದೆ, ಚಪ್ಪಲಿ ಮೆಟ್ಟಿಕೊಂಡು, ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಗೆ ನಡೆದರು. ಅಲ್ಲಿ ನೂರಸಾಬರು ಸುಟ್ಟ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಮಗಳು ಕಹಕಶಾ ಊರವರಿಗೆ ವೆಬ್‌ಸೈಟು ಕಟ್ಟಿಕೊಡುತ್ತಾಳೆ: ಹರಪನಹಳ್ಳಿಯ ಕಲ್ಯಾಣ ಮಂಟಪಕ್ಕೆ, ಕೂಡ್ಲಿಗಿಯ ಬೀಜದ ಅಂಗಡಿಗೆ. ಅವಳಿಗೆ ಆ ಕೆಲಸ ಕಲಿಸಿದವಳು ಗೀತಾಂಜಲಿಯೇ.

“ಯಾಕಕ್ಕಾರ, ನಿಮ್ಮ ಮನಿ ಮೋಟ್ರೂ ಸುಟ್ಟೈತೇನು?” ಎಂದು ನಗಲು ಹೋದ ನೂರಸಾಬರು ಅವರ ಮುಖ ನೋಡಿ ತಡೆದರು. “ಒಳಗ ಹೋಗ್ರಿ. ಅಕಿನೂ ಮುಂಜಾನಿಂದ ಚಾ ಕುಡುದಿಲ್ಲ.”

ಕಹಕಶಾ ತಲೆಯೆತ್ತದೆ ಹೇಳಿದಳು. “ನೋಡೀನ್ರಿ ಅಮ್ಮಾರ. ಸೈಟಿಗೆ ಜಾಗಾ ಕೊಟ್ಟ ಕಂಪನಿಯವರು ಪತ್ರ ಹಾಕ್ಯಾರ. ಸಂಜಿ ನಾಕರ ಒಳಗ ಸ್ವಚ್ಛ ಆಗ್ಬೇಕಂತ. ಇಲ್ಲಾಂದ್ರ ಪೂರಾ ಅಳಸ್ತಾರಂತ.”

“ಪದಾನೂ?”

“ಪದಾನೂ ರೀ.”

ಚಿಗಟೇರಿ, ಕೋಗಳಿ, ಹಿರೇಹಡಗಲಿ ಎಂದು ಊರೂರು ತಿರುಗಿ ಗೀತಾಂಜಲಿ ಸೋಬಾನೆ ಪದ, ಬೀಸುವ ಕಲ್ಲಿನ ಪದ, ಮೊಹರಮ್ಮಿನ ರಿವಾಯತ ಪದಗಳನ್ನು ಕೂಡಿಸಿದ್ದಳು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಅವಳ ಲ್ಯಾಪ್‌ಟಾಪು ಕೂಡ್ಲಿಗಿ ರಸ್ತೆಯಲ್ಲಿ ಅವಳೊಂದಿಗೇ ಲಾರಿಯ ಗಾಲಿಗೆ ಸಿಕ್ಕಿತ್ತು. ಆ ದನಿಗಳು ಉಳಿದದ್ದು ಸೈಟಿನಲ್ಲಿ ಮಾತ್ರ.

ಅದನ್ನು ಕಟ್ಟಿದ್ದು ಓಪನ್ ಸೋರ್ಸ್ ತಂತ್ರಾಂಶದಲ್ಲಿ. ದಾಸೋಹದ ಅಡುಗೆಯಂತೆ ಅದು ಯಾರೊಬ್ಬರದೂ ಅಲ್ಲ, ಎಲ್ಲರದೂ. ಎಲ್ಲಿಯೋ ಕುಳಿತ ಪುಣ್ಯಾತ್ಮರು ಅದರಲ್ಲಿ ತೂತು ಕಂಡರೆ ಮುಚ್ಚಿ, ಮುಚ್ಚಿದ್ದನ್ನು ಎಲ್ಲರಿಗೂ ಹಂಚುತ್ತಾರೆ. ನಾವು ‘ಅಪ್‌ಡೇಟ್’ ಎಂಬ ಗುಂಡಿ ಒತ್ತಬೇಕು, ಅಷ್ಟೇ. ಆದರೆ ಗೀತಾಂಜಲಿ ಆ ಹಸಿರು ಅಂಚನ್ನೂ ಕರೆಯುವ ಸಾಲನ್ನೂ ಬೇರೆಯಾಗಿ ಇಡದೆ, ಅವಸರದಲ್ಲಿ ಥೀಮಿನೊಳಗೇ ತಿದ್ದಿ ಕೂರಿಸಿದ್ದಳು. ಥೀಮೆಂದರೆ ಸೈಟಿನ ಉಡುಗೆ. ಹೊಸ ಉಡುಗೆ ಬಂದರೆ ಅವಳು ತಿದ್ದಿದ್ದೆಲ್ಲ ಹೋಗುತ್ತದೆ. ಕಹಕಶಾ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಬಂದು “ಒತ್ತಲೇನ್ರಿ?” ಎಂದು ಕೇಳಿದ್ದಳು. ನಾಗಲಿಂಗಮ್ಮನವರದು ಒಂದೇ ಉತ್ತರ: “ನನ್ನ ಮಗಳ ಕೈ ಆಡಿದ್ದು ಹಂಗೇ ಇರ್ಲಿ.”

ಕಹಕಶಾ ಜಾಹೀರಾತುಗಳನ್ನು ಅಳಿಸಿದಳು. ಕಣ್ಣೆದುರಿಗೇ ಬೇರೆ ಬಂದವು. ಪಾಸ್‌ವರ್ಡ್ ಬದಲಿಸಿದಳು. ಮತ್ತೆ ಬಂದವು, ಮತ್ತೆ ಗೀತಾಂಜಲಿಯ ಹೆಸರಿನಲ್ಲೇ. ಮಧ್ಯಾಹ್ನದವರೆಗೂ ಇದೇ ಆಯಿತು. ಹಾಡುಗಳನ್ನಾದರೂ ಇಳಿಸಿಕೊಳ್ಳೋಣವೆಂದರೆ ಕಂಪನಿಯವರು ಬೆಳಿಗ್ಗೆಯೇ ಆ ದಾರಿ ಮುಚ್ಚಿದ್ದರು.

“ಮುಂಚಿಬಾಗ್ಲಿಗೆ ಎಷ್ಟು ಕೀಲಿ ಜಡದ್ರೇನ್ರಿ? ಕಳ್ಳ ಗ್ವಾಡಿ ಕೊರದು ಒಳಗ ಕುಂತಾನ. ಆ ಗ್ವಾಡಿನ ಬೀಳಸ್ಬೇಕು.”

“ಯಾವ ಗ್ವಾಡಿ?”

ಕಹಕಶಾ ಪರದೆಯ ಹಸಿರು ಅಂಚಿನತ್ತ ನೋಡಿದಳು. ನಾಗಲಿಂಗಮ್ಮನವರಿಗೆ ತಿಳಿಯಿತು. ತಿಳಿದದ್ದಕ್ಕೇ ಸಿಟ್ಟು ಬಂತು.

“ನಿಂಗೇನು ಬಿಡವ್ವ. ದಿನಕ್ಕೊಂದು ಹೊಸಾದು ಕಟ್ಟಾಕಿ. ಹಳೇದು ಬಿದ್ರ ನಿಂಗೇನು ಹೋಗ್ತೈತಿ?”

ಹುಡುಗಿ ಕೈ ಕೀಲಿಮಣೆಯಿಂದ ತೆಗೆದಳು. “ಅಮ್ಮಾರ, ನಂಗ ಅಕ್ಷರ ಟೈಪ್ ಮಾಡಾಕ ಕಲಿಸಿದಾಕಿ ಅಕಿ. ವರ್ಷಾ ಪೂರಾ ನಿಮ್ಮ ಹೊಸ್ತಿಲಕ್ಕ ಬಂದು ಕೇಳೀನಿ. ನಿಮ್ಮ ಮಾರಿ ನೋಡಿ ಬಾಯಿ ಮುಚ್ಕೊಂಡು ಹೋಗೀನಿ. ಜಗಳಾ ಆಡಿಯಾದ್ರೂ ಒತ್ತಬೇಕಿತ್ತು. ಒತ್ಲಿಲ್ಲ. ಅದಕ್ಕ ಏನರ ಬೈರಿ, ಬೈಸ್ಕೊಂತೀನಿ. ನಿಂಗೇನು ಅಂತ ಮಾತ್ರ ಅನಬ್ಯಾಡ್ರಿ.”

ಹೊರಗೆ ನೂರಸಾಬರ ಸುತ್ತಿಗೆಯ ಸದ್ದು ನಿಂತಿತ್ತು. ಗೋಡೆಯ ಗಡಿಯಾರ ಮೂರು ದಾಟಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ಗಾದೆಮ್ಮನ ಪುಟ ಅಲುಗಿತು. ಹಿರೇಹಡಗಲಿಯ ಆ ಮುದುಕಿಯ ಸೋಬಾನೆ ಪದವಿದ್ದ ಜಾಗದಲ್ಲಿ ಇಸ್ಪೀಟೆಲೆಗಳು ಹರಡಿಕೊಂಡವು. ಅದರ ಹಿಂದೆಯೇ ಚಿಗಟೇರಿಯ ಪುಟವೂ ಹೋಯಿತು.

ನಾಗಲಿಂಗಮ್ಮನವರು ಎದ್ದು ನಿಂತರು. ಗಾದೆಮ್ಮ ಹೋದ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಹಿಂದೆ ಮುಂದೆ ಯಾರೂ ಇರಲಿಲ್ಲ. ಮಣ್ಣು ಕೊಟ್ಟವರೂ ಓಣಿಯವರೇ.

“ನಂಗಾದ್ರ ಮಗಳ ಫೋಟೋ ಐತಿ, ಬಟ್ಟಿ ಅದಾವು,” ಎಂದರು. “ಆ ಮುದುಕಿಗೆ ಏನೈತಿ? ಒಂದು ದನಿ ಇತ್ತು. ಅದನ್ನ ನಂಬಿ ನನ್ನ ಮಗಳ ಕೈಯಾಗ ಕೊಟ್ಟು ಹೋಗ್ಯಾಳ. ಎಲ್ಲೈತಿ ಆ ಗುಂಡಿ?”

“ದಡಿ ಹೋಗ್ತೈತಿ ಅಮ್ಮಾರ. ‘ಬರ್ರಿ, ಕುಂದರ್ರಿ’ ಅನ್ನೋದೂ ಹೋಗ್ತೈತಿ. ಆಮ್ಯಾಲೆ ಬೇಕಾದ್ರ ನಾನು ಹಂಗೇ ಬರೀತೀನಿ.”

“ನೀ ಬರದ್ರ ನೀ ಬರದಂಗ ಅಕ್ಕೈತಿ. ಅಕಿ ಬರದಂಗ ಹೆಂಗಾದೀತು?”

“ಈಗಿರೋದರ ಒಂದು ಫೋಟೋ ತಗದು ಇಡ್ಲೇನ್ರಿ?”

“ಗ್ವಾಡಿಮ್ಯಾಲೆ ಒಂದು ತೂಗಾಕೀನಿ. ಸಾಕು.”

“ಕೊಟ್ಟೂರೇಶಾ” ಎಂದು ಅವರೇ ಒತ್ತಿದರು.

ನೀಲಿ ಗೆರೆಯೊಂದು ತೆವಳಿತು, ನಿಂತಿತು, ಮತ್ತೆ ತೆವಳಿತು. ಆಮೇಲೆ ಪರದೆ ಪೂರ್ತಿ ಬೆಳ್ಳಗಾಯಿತು. ದಡಿಯಿಲ್ಲ, ಜಾಹೀರಾತಿಲ್ಲ, ಒಂದಕ್ಷರವೂ ಇಲ್ಲ.

“ಏನಾತು?”

“ತಡೀರಿ.”

“ಕಹಕಶಾ, ಏನಾತು ಹೇಳು!”

“ತಡೀರಿ ಅಂದ್ನೆಲ್ರಿ!” ಹುಡುಗಿ ಮೊದಲ ಸಲ ಗದರಿದಳು. ಸೈಟಿಗೆ ಜೋಡಿಸಿದ ಬಿಡಿಭಾಗಗಳಲ್ಲಿ, ಅಂದರೆ ಪ್ಲಗಿನ್ನುಗಳಲ್ಲಿ, ಹಳೆಯದೊಂದು ಹೊಸದರೊಂದಿಗೆ ಹೊಂದದೆ ಕಚ್ಚಾಡುತ್ತಿದ್ದಿರಬೇಕೆಂದು ಒಂದೊಂದಾಗಿ ಬಂದ್ ಮಾಡುತ್ತ ಹೋದಳು. ಮೊದಲನೆಯದಕ್ಕೆ ಪುಟ ಬೆಳ್ಳಗೇ ಇತ್ತು. ಎರಡನೆಯದಕ್ಕೂ. ನಾಗಲಿಂಗಮ್ಮನವರ ತುಟಿಯಲ್ಲಿ ಪಂಚಾಕ್ಷರಿ ಓಡುತ್ತಿತ್ತು. ಬಾಗಿಲಲ್ಲಿ ನಿಂತ ನೂರಸಾಬರೂ ತಮ್ಮ ದೇವರನ್ನು ಕರೆಯುತ್ತಿದ್ದರು.

ಮೂರನೆಯದನ್ನು ತೆಗೆದ ಕೂಡಲೇ ಪುಟ ಬಂತು. ಬೋಳು ಪುಟ. ಬಾಡಿಗೆ ಮನೆಯ ಸುಣ್ಣದ ಗೋಡೆಯಂತೆ, ಯಾರದೂ ಅಲ್ಲದ್ದು. ‘ಪದದ ಮನಿ’ ಎಂಬ ಹೆಸರೊಂದು ಸಣ್ಣಗೆ ಮೂಲೆಯಲ್ಲಿತ್ತು. ಕಹಕಶಾ ಕಳ್ಳ ಸೇರಿಸಿದ್ದನ್ನೆಲ್ಲ ಬಳಿದು ಹಾಕಿ, ಪಾಸ್‌ವರ್ಡ್ ಬದಲಿಸಿ, ಕಾದಳು. ಹೊಸ ಜಾಹೀರಾತು ಬರಲಿಲ್ಲ. ಇನ್ನೂ ಕಾದಳು. ಬರಲಿಲ್ಲ. ಕಂಪನಿಗೆ ಬರೆದಳು. ಪರೀಕ್ಷಿಸಿದ್ದೇವೆ, ಅಳಿಸುವುದಿಲ್ಲ ಎಂಬ ಮರುಪತ್ರ ಬರುವ ಹೊತ್ತಿಗೆ ಅವಳ ಅಂಗೈ ಬೆವರಿಗೆ ಕೀಲಿಮಣೆ ಒದ್ದೆಯಾಗಿತ್ತು.

“ಉಳೀತ್ರಿ.”

ನಾಗಲಿಂಗಮ್ಮನವರು ತಲೆಯಾಡಿಸಿದರು. ಕಣ್ಣು ಮಾತ್ರ ಬೋಳು ಅಂಚಿನಲ್ಲಿ ಹಸಿರನ್ನು ಹುಡುಕುತ್ತಿತ್ತು.

ತಂತ್ರಾಂಶವು ಪ್ರತಿ ಪುಟದ ಹಿಂದಿನ ಪ್ರತಿಯನ್ನೂ ಇಟ್ಟುಕೊಂಡಿರುತ್ತದೆ. ಕಹಕಶಾ ಅದರಿಂದ ಚಿಗಟೇರಿಯ ಪುಟವನ್ನೂ ಗಾದೆಮ್ಮನ ಪುಟವನ್ನೂ ಮರಳಿ ತಂದಳು. “ದನಿ ಸರಿ ಐತೇನಂತ ಕೇಳಿ ನೋಡ್ಬೇಕ್ರಿ. ನೀವು ಬೇಕಾದ್ರ ಹೊರಗ...”

“ಹಚ್ಚು.”

ಮೊದಲು ಬಂದದ್ದು ಹಾಡಲ್ಲ, ಗರ್ರೆನ್ನುವ ಸದ್ದು. ಫೈಲು ಕೆಟ್ಟಿತೆಂದು ಕಹಕಶಾ ಹಣೆ ಹಣೆ ಬಡಿದುಕೊಂಡಳು. ಆ ಸದ್ದನ್ನು ಸೀಳಿಕೊಂಡು ಗೀತಾಂಜಲಿಯ ದನಿ ಬಂತು.

“ಯವ್ವಾ! ಮಿಕ್ಸಿ ಬಂದ್ ಮಾಡ! ಅಜ್ಜಿ ಹಾಡಾಕತ್ತಾಳ, ನೀ ಚಟ್ನಿ ರುಬ್ಬಾಕತ್ತಿ!”

“ರುಬ್ಲಿ ಬಿಡ ತಂಗಿ,” ಗಾದೆಮ್ಮ ನಕ್ಕಳು. “ಪದ ತಿಂದು ಹೊಟ್ಟಿ ತುಂಬ್ತೈತೇನು?”

ದೂರದಲ್ಲಿ ನಾಗಲಿಂಗಮ್ಮನವರದೇ ದನಿ: “ಆತಾತು, ಮಾಡೀನಿ!” ಸದ್ದು ನಿಂತಿತು. ಸೋಬಾನೆ ಎದ್ದಿತು.

ಗಾದೆಮ್ಮ ತಮ್ಮ ಮನೆಗೇ ಬಂದು ಹಾಡಿದ್ದ ಆ ಮಧ್ಯಾಹ್ನ ಅವರಿಗೆ ಮರೆತೇ ಹೋಗಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಹಾಡು ಮುಗಿಯುವವರೆಗೂ ಅಲುಗದೆ ಕುಳಿತರು.

“ಪದದ ಮುಂಚಿನ ಆ ತುಣುಕು ಕತ್ತರಸ್ಬೇಕು ಅಂತ ಅಕಿ ಅಂತಿದ್ಲು,” ಎಂದಳು ಕಹಕಶಾ ಮೆಲ್ಲಗೆ.

“ಅದಕ್ಕ ಕೈ ಹಚ್ಚೀಯ ಮತ್ತ!” ನಾಗಲಿಂಗಮ್ಮನವರು ಮೂಗೊರಸಿಕೊಂಡು ಕುರ್ಚಿಯನ್ನು ಹತ್ತಿರಕ್ಕೆಳೆದರು. “ಉಳಿದದ್ದಕ್ಕ ನನ್ನ ಕೇಳಬ್ಯಾಡ. ಯಾವಾಗ ಯಾವ ಗುಂಡಿ ಒತ್ತಬೇಕೋ ಒತ್ತು. ಮುಂದಿಂದು ಹಚ್ಚು.”