ತಾತ ತಡೆದಿಟ್ಟ ಹಾಳೆ

“ನಾಲ್ಕಕ್ಕೆ ಗುಜರಿಯವನು ಬರ್ತಾನೆ ಗುಬ್ಬಿ. ಅಷ್ಟರೊಳಗೆ ನಿನ್ನ ಲ್ಯಾಪ್‌ಟಾಪಿಂದ ತಾತನ ಪ್ರಿಂಟರಲ್ಲಿ ಒಂದು ಹಾಳೆ ಹೊರಡಿಸು, ಇಟ್ಕೊಳ್ಳೋಣ. ಇಲ್ಲಾಂದ್ರೆ ಪ್ರಿಂಟರೂ ಕಂಪ್ಯೂಟರೂ ಜೋಡಿಯಾಗಿ ಹೊರಟ್ವು,” ಎಂದು ಚಿಕ್ಕಮ್ಮ ಪೊರಕೆ ಹಿಡಿದೇ ತೀರ್ಪು ಕೊಟ್ಟಳು.

ಮನೆಯ ಮುಂದಿನ ಕೋಣೆಯೇ ತಾತನ ಟೈಪಿಂಗ್ ಅಂಗಡಿಯಾಗಿತ್ತು. ಆತ ಹೋಗಿ ವರ್ಷವಾಗಿದ್ದರೂ ಆ ಪ್ರಿಂಟರಿನ ಕಿರಕಿರ ಗುಬ್ಬಿಯ ಕಿವಿಯಿಂದ ಇಳಿದಿರಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಜ್ಜಿ ಕಥೆ ಹೇಳುತ್ತಿದ್ದಳು, ತಾತ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದ. ಮೇಜಿನ ಕೆಳಗೆ ಕೂತ ಪುಟ್ಟ ಗುಬ್ಬಿ, ಹಾಳೆಯಂಚಿನ ತೂತುಪಟ್ಟಿ ಹರಿದು ಎರಡು ಸುತ್ತಿನ ಬಳೆ ಮಾಡಿ ತೊಟ್ಟು ರಾಜಕುಮಾರಿಯಾಗುತ್ತಿದ್ದಳು.

ಪ್ರಿಂಟರಿನ ತಂತಿ ಈಗಲೂ ತಾತನ ಕಂಪ್ಯೂಟರಿಗೇ ಅಂಟಿಕೊಂಡಿತ್ತು. ಗುಬ್ಬಿಯ ಲ್ಯಾಪ್‌ಟಾಪಿನ ಕುಲವೇ ಬೇರೆ. ಎರಡನ್ನೂ ಒಂದೇ ನೆಟ್‌ವರ್ಕಿಗೆ ತಂದು, ಹಂಚಿಕೆ ತೆರೆದು, ಪಾಸ್‌ವರ್ಡ್ ಕೊಟ್ಟು, ಸರಿಯಾದ ಡ್ರೈವರ್ ಹುಡುಕಿ ಹಾಕುವಷ್ಟರಲ್ಲಿ ಮೂರೂವರೆ. ಲ್ಯಾಪ್‌ಟಾಪು ‘ಕಳಿಸಿದೆ’ ಎಂದಿತು. ಪ್ರಿಂಟರು ಗರಬಡಿದಂತೆ ಕೂತಿತ್ತು.

“ಹೊಸ ಸೊಸೆ ಕರೆದ ತಕ್ಷಣ ಹಳೇ ಅತ್ತೆ ಓಗೊಡ್ತಾಳೇನೇ?” ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು.

“ನಗು ಅಜ್ಜಿ, ನಗು. ನಾಲ್ಕಕ್ಕೆ ಅಳು ನಂದೇ.”

ಕಳಿಸಿದ್ದು ಎಲ್ಲಿ ಸಿಕ್ಕಿಕೊಂಡಿತು? ಗುಬ್ಬಿ ತಾತನ ಕಂಪ್ಯೂಟರಿನಲ್ಲಿ ಮುದ್ರಣದ ಸಾಲು ತೆರೆದಳು. ಅವಳ ಹಾಳೆ ಅಲ್ಲೇ ಇತ್ತು, ಎರಡನೆಯದಾಗಿ. ಅದರ ಮುಂದೆ ವರ್ಷದಿಂದ ಇನ್ನೊಂದು ಕಾದು ನಿಂತಿತ್ತು. ಮೇಲೆ ‘ವಿರಾಮ’ಕ್ಕೆ ಗುರುತು ಬಿದ್ದಿತ್ತು.

ಸಟ್ಟನೆ ನೆನಪಾಯಿತು. ಪರದೆಯ ಮೇಲೆ ಮತ್ತೊಮ್ಮೆ ಓದದೆ ತಾತ ಯಾವ ಹಾಳೆಯನ್ನೂ ಹೊರಗೆ ಬಿಟ್ಟವನಲ್ಲ. ಪ್ರಿಂಟರನ್ನು ಮೊದಲೇ ತಡೆದಿಟ್ಟು, ಓದಿ ಮುಗಿಸಿದ ಮೇಲೆ ಬಿಡುತ್ತಿದ್ದ.

“ಆ ಹಳೇದನ್ನ ಅಳಿಸಿ ಬಿಸಾಕು, ನಿಂದು ಬರುತ್ತೆ,” ಎಂದಳು ಚಿಕ್ಕಮ್ಮ.

ಗುಬ್ಬಿ ಅಳಿಸಲಿಲ್ಲ. ವಿರಾಮದ ಗುರುತು ತೆಗೆದಳು.

ಕಿರ್‍ರ್... ಕಿರ್‍ರ್... ಚಿಕ್ಕಮ್ಮನ ಪೊರಕೆ ನಿಂತಿತು. ಅಜ್ಜಿ ಸೆರಗು ಸರಿಮಾಡಿಕೊಂಡಳು, ಒಳಗಿನಿಂದ ಯಾರೋ ಬಂದಂತೆ. ಮಸುಕು ಅಕ್ಷರಗಳ ಹಾಳೆ ತೆವಳಿ ಹೊರಬಂತು. ಗುಬ್ಬಿ ಗಟ್ಟಿಯಾಗಿ ಓದಿದಳು:

“‘...ಆಗ ರಾಜಕುಮಾರಿ ಕಳಕೊಂಡಿದ್ದ ನೆರಳು ತಾನಾಗಿಯೇ ನಡೆದು ಬಂದು ಅವಳ ಪಾದ ಹಿಡಿಯಿತು. ನಿನ್ನೆ ಇವಳು ಕಥೆ ಹೇಳಿದಾಗ ನೆರಳು ಬರಲಿಲ್ಲ ಅಂದಿದ್ದಳು. ಯಾವುದು ಸರಿ? ಕೇಳಬೇಕು.’”

ಅದರ ಹಿಂದೆಯೇ ಗುಬ್ಬಿಯ ಹಾಳೆಯೂ ಬಂತು. ಅದನ್ನು ಯಾರೂ ನೋಡಲಿಲ್ಲ.

“ಕೇಳಲೇ ಇಲ್ಲ ನೋಡು, ಈ ಮನುಷ್ಯ,” ಎಂದಳು ಅಜ್ಜಿ, ಹಾಳೆಯ ಮೇಲೆ ಕೈಯಾಡಿಸುತ್ತ.

ಬಾಗಿಲಲ್ಲಿ ಗುಜರಿಯವನ ಕೂಗು ಕೇಳಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡು ಹೊರಗೆ ಹೋದಳು. “ಏನೂ ಇಲ್ಲ ಕಣಪ್ಪ. ಒಂದು ಪೊರಕೆ ಇದೆ, ಬೇಕಾ?”

ಗುಬ್ಬಿ ತೂತುಪಟ್ಟಿ ಹರಿದು ಮುಂಗೈಗೆ ಸುತ್ತಿಕೊಂಡಳು. ಈಗ ಎರಡು ಸುತ್ತು ಬರಲಿಲ್ಲ, ಒಂದೇ.

“ನೆರಳು ಬಂತಾ ಅಜ್ಜಿ, ಇಲ್ವಾ?”

ಅಜ್ಜಿ ಕುರ್ಚಿಯನ್ನು ಪ್ರಿಂಟರಿನ ಹತ್ತಿರಕ್ಕೆ ಎಳೆದುಕೊಂಡಳು. “ಮೊದಲಿಂದ ಹೇಳ್ತೀನಿ, ಕುಟ್ಟು. ಓದದೆ ಬಿಡಬೇಡ ಮತ್ತೆ.”