ಹಲಗೆ ಮುಖ

ಆರ್ಡಿಸ್ ಟ್ವೆಟ್‌ಳ ಮುಖ ಹಲಗೆಯಂತಿದೆ ಎಂದು ತೀರ್ಪು ಕೊಟ್ಟವಳು ಮಿಸ್ ಹೇವರ್‌ಕ್ಯಾಂಪ್. ಆರ್ಡಿಸ್ ಓದುವ ಹೈಸ್ಕೂಲಿನಲ್ಲಿ ಟೈಪಿಂಗ್ ಕಲಿಸುವವಳೂ ಅವಳೇ, ನಾಟಕ ಆಡಿಸುವವಳೂ ಅವಳೇ, ಭಾಷಣ ಸ್ಪರ್ಧೆಗೆ ಮಕ್ಕಳನ್ನು ಆರಿಸುವವಳೂ ಅವಳೇ. ಹಾಗಾಗಿ ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

"ನಿನ್ನ ದನಿ ಪರವಾಗಿಲ್ಲ ಕಣೇ, ಕೊನೇ ಸಾಲಿಗೂ ಕೇಳ್ಸುತ್ತೆ. ಆದ್ರೆ ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ವಲ್ಲ. ನೀನು ಅತ್ರೆ ಜನ ನಗ್ತಾರೆ" ಎಂದು ನಾಟಕದ ಪುಸ್ತಕ ಕೊಟ್ಟು ಪರದೆಯ ಹಿಂದೆ ಕೂರಿಸಿದ್ದಳು. ಯಾರಾದರೂ ಮಾತು ಮರೆತರೆ ಪಿಸುಗುಟ್ಟಿ ನೆನಪಿಸುವ ಕೆಲಸ. ಎರಡು ವರ್ಷ ಆರ್ಡಿಸ್ ಬೇರೆಯವರ ಮಾತನ್ನು ಪಿಸುಗುಟ್ಟಿದಳು.

ಈಗ ಕೊನೆಯ ವರ್ಷ. ಈ ಸಲದ ನಾಟಕದಲ್ಲಿ ಹಿಮದ ಬಿರುಗಾಳಿಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳಿದ್ದಳು. ಆ ಪಾತ್ರ ಆರ್ಡಿಸ್‌ಗೆ ಬೇಕಿತ್ತು. ಬೆಳಗ್ಗೆ ಹಾಲು ಕರೆಯುವಾಗ ಹಸುಗಳ ಮುಂದೆ ಆ ತಾಯಿಯ ಮಾತುಗಳನ್ನೆಲ್ಲ ಒಪ್ಪಿಸಿದ್ದಳು. ಮೇ ತಿಂಗಳಲ್ಲಿ ಶಾಲೆ ಮುಗಿದರೆ ಮದುವೆ, ಇಲ್ಲವೇ ಊರ ಹೋಟೆಲಿನಲ್ಲಿ ಎಂಜಲು ತಟ್ಟೆ ತೊಳೆಯುವುದು. ಆಮೇಲೆ ಯಾವ ವೇದಿಕೆಗೂ ತನ್ನನ್ನು ಯಾರೂ ಕರೆಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪಾತ್ರಗಳ ಆಯ್ಕೆ ಶುಕ್ರವಾರ. ಅದರ ಹಿಂದಿನ ದಿನ ಮಧ್ಯಾಹ್ನ ಅಸೆಂಬ್ಲಿ, ಅಂದರೆ ಊರವರೂ ಬಂದು ಕೂರುವ ಶಾಲೆಯ ಮನರಂಜನೆ ಸಭೆ ಇತ್ತು.

ಅಮೆರಿಕದ ಡಕೋಟಾ ಬಯಲಿನ ಶಾಲೆಗಳನ್ನೆಲ್ಲ ಸುತ್ತುವ ಮನರಂಜನೆಯವರು ಆಗಾಗ ಅಲ್ಲಿಗೂ ಬರುತ್ತಿದ್ದರು. ಗಂಟೆ ಬಾರಿಸುವ ಸಂಸಾರವೊಂದು ಬಂದಿತ್ತು, ಹಾವಿನವನು ಬಂದಿದ್ದ, ಮರ ಕೊಯ್ಯುವ ಗರಗಸದ ಮೇಲೆ ಭಕ್ತಿಗೀತೆ ನುಡಿಸಿದವನೊಬ್ಬ ಬಂದಿದ್ದ. ಈ ಸಲ ಬಂದವನು ಚಿಟಿಕೆ ಹೊಡೆದು ಜನರನ್ನು ನಿದ್ದೆಗೆ ಕೆಡವಿ, ಹೇಳಿದ್ದನ್ನೆಲ್ಲ ಮಾಡಿಸುವ ವಶೀಕರಣದ ಪ್ರೊಫೆಸರ್ ಲಮಾಂಟ್. ಬಾಸ್ಕೆಟ್‌ಬಾಲ್ ಆಡುವ ಒಳಾಂಗಣದ ಒಂದು ತುದಿಗೇ ವೇದಿಕೆ. ಮರದ ನೆಲದ ಹೊಳಪು ಕೆಟ್ಟೀತೆಂದು ಬಾಗಿಲಲ್ಲೇ ಬೂಟು ಬಿಚ್ಚಿಸುತ್ತಿದ್ದರು. ಊರ ದೊಡ್ಡ ಮನುಷ್ಯರೆಲ್ಲ ತೂತುಬಿದ್ದ ಕಾಲುಚೀಲ ಮುಚ್ಚಿಕೊಳ್ಳುತ್ತಾ ಕೂತಿದ್ದರು.

"ಒಂದು ಮಾತು ಮೊದಲೇ ಹೇಳ್ಬಿಡ್ತೀನಿ" ಎಂದ ಪ್ರೊಫೆಸರ್. "ನನ್ನ ವಶಕ್ಕೆ ಬಂದವರು ಎದ್ದ ಮೇಲೆ ಏನಂತಾರೆ ಗೊತ್ತಾ? 'ನಂಗೇನೂ ಆಗೇ ಇಲ್ಲ' ಅಂತಾರೆ! ನಂಬಬೇಡಿ. ಈಗ ಯಾರು ಬರ್ತೀರಿ?"

ಆರ್ಡಿಸ್ ಕೈ ಎತ್ತಿದಳು.

"ಸ್ವಾಮಿ, ಅವಳು ಬೇಡ!" ಎಂದು ಬಾಸ್ಕೆಟ್‌ಬಾಲ್ ತಂಡದ ಡುವೇನ್ ಕೂಗಿದ. "ಹಲಗೆಗೆ ಎಲ್ಲಾದ್ರೂ ನಿದ್ದೆ ಬರುತ್ತಾ?"

ಸಭೆ ಗೊಳ್ಳೆಂದಿತು. ಮಿಸ್ ಹೇವರ್‌ಕ್ಯಾಂಪ್ ಕೂಡ ನಕ್ಕಳು.

ಆದರೂ ಪ್ರೊಫೆಸರ್ ಅವಳನ್ನೂ ನಾಲ್ಕಾರು ಹುಡುಗರನ್ನೂ ವೇದಿಕೆಯ ಮೇಲೆ ಕೂರಿಸಿ ಚಿಟಿಕೆ ಹೊಡೆದ. ಆರ್ಡಿಸ್‌ಗೆ ನಿದ್ದೆ ಬರಲಿಲ್ಲ, ಮಂಪರೂ ಬರಲಿಲ್ಲ. ಪಕ್ಕದ ಹುಡುಗರ ತಲೆ ಬಿದ್ದದ್ದು ನೋಡಿ ತಾನೂ ತಲೆ ಬೀಳಿಸಿದಳು. ಅವನು ಹೇಳಿದಂತೆ ಹುಡುಗರು ಕೋಳಿಯಾದರು, ಬಟ್ಟೆ ಒಗೆದರು. ಅವಳ ಸರದಿ ಬಂದಾಗ ಪ್ರೊಫೆಸರ್ ಕೈಗೊಂದು ದಿಂಬು ಕೊಟ್ಟು, "ಇದು ನಿನ್ನ ಮಗು. ಅಯ್ಯೋ, ಉಚ್ಚೆ ಹೊಯ್ದುಬಿಡ್ತಲ್ಲಮ್ಮ!" ಎಂದ. ಜನ ನಕ್ಕರು. ಆಮೇಲೆ ದಿಂಬು ಕಿತ್ತುಕೊಂಡು, "ಮಗು ಕಳೆದುಹೋಯ್ತು, ಹುಡುಕು" ಎಂದ. ಕುರ್ಚಿಗಳ ಕೆಳಗೆ ತೆವಳುತ್ತಾಳೆ, ಜನರನ್ನು ಇನ್ನಷ್ಟು ನಗಿಸಬಹುದು ಎಂಬುದು ಅವನ ಲೆಕ್ಕ.

ಅವಳು ತೆವಳಲಿಲ್ಲ. ಖಾಲಿಯಾದ ತೋಳನ್ನು ಹಾಗೇ ಮಡಚಿಟ್ಟುಕೊಂಡು ವೇದಿಕೆಯ ಅಂಚಿಗೆ ಬಂದಳು. ಹಿಮ ಕಣ್ಣಿಗೆ ರಾಚುವಂತೆ ಮುಖ ಓರೆ ಮಾಡಿದಳು. ಕೂಗಿದಳು, ನಿಂತು ಕೇಳಿಸಿಕೊಂಡಳು, ಮತ್ತೆ ಕೂಗಿದಳು. ಎರಡನೆಯ ಕೂಗು ಅರ್ಧಕ್ಕೇ ಒಡೆಯಿತು. ಸಭೆಯಲ್ಲಿ ಮುದುಕ ರೈತನೊಬ್ಬ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಿಸ್ ಹೇವರ್‌ಕ್ಯಾಂಪ್‌ಳ ಕೈ ಬಾಯಿಗೆ ಹೋಗಿತ್ತು.

ಪ್ರೊಫೆಸರ್ ಗಾಬರಿಯಿಂದ ಚಿಟಿಕೆ ಹೊಡೆದ. ಆರ್ಡಿಸ್ ಅಲ್ಲಿಗೆ ನಿಲ್ಲಿಸಿ ನಕ್ಕುಬಿಡಬೇಕಿತ್ತು. ಆದರೆ ಆಟವನ್ನು ಕೊನೆಯವರೆಗೂ ಆಡುವ ಆಸೆಗೆ ಬಿದ್ದಳು. ಯಾವ ಊರು, ಯಾವ ಜನ ಎಂದು ತಿಳಿಯದವಳಂತೆ ಕಣ್ಣು ಪಿಳಿಪಿಳಿ ಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ಎಲ್ಲರೂ ಪ್ರೊಫೆಸರ್ ಕಡೆಗೇ ನೋಡಿ ತಟ್ಟುತ್ತಿದ್ದರು.

ಸಭೆ ಮುಗಿದದ್ದೇ ಆರ್ಡಿಸ್ ಮಿಸ್ ಹೇವರ್‌ಕ್ಯಾಂಪ್‌ಳ ಬಳಿಗೆ ಬಂದಳು. "ಟೀಚರ್, ನೋಡಿದ್ರಾ? ನಂಗೆ ನಿದ್ದೆ ಬಂದಿರ್ಲಿಲ್ಲ. ಅದು ನಾಟಕ. ನಾನೇ ಮಾಡಿದ್ದು!"

ಮಿಸ್ ಹೇವರ್‌ಕ್ಯಾಂಪ್ ಅವಳ ತಲೆ ಸವರಿದಳು. "ಹೌದಮ್ಮಾ, ಹೌದು. ಎಲ್ರೂ ಹಂಗೇ ಅಂತಾರಂತೆ. ಮನೆಗೆ ಹೋಗಿ ಬಿಸಿ ಸೂಪು ಕುಡಿದು ಮಲ್ಕೋ."

ಪ್ರೊಫೆಸರ್ ಹೊರಗೆ ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದ. ಆರ್ಡಿಸ್ ಓಡಿ ಹೋಗಿ ಅವನ ತೋಳು ಹಿಡಿದಳು.

"ನಾನು ಎಚ್ಚರವಾಗೇ ಇದ್ದೆ ಅಂತ ನಿಮಗೆ ಗೊತ್ತಲ್ವಾ?"

"ಗೊತ್ತು." ಅವನು ಡಿಕ್ಕಿ ಮುಚ್ಚಿದ. "ನೀನೊಬ್ಬಳೇ ಏನು, ಮುಕ್ಕಾಲು ಪಾಲು ಮಕ್ಕಳು ಎಚ್ಚರವಾಗೇ ಇರ್ತಾರೆ. ಆದ್ರೆ ನಿನ್ನಂಗೆ ಮಾಡಿದವರನ್ನ ನಾನು ನೋಡಿಲ್ಲ."

"ಹಂಗಾದ್ರೆ ಬಂದು ಟೀಚರ್‌ಗೆ ಒಂದು ಮಾತು ಹೇಳಿ. ಒಂದೇ ಮಾತು!"

"ಹೇಳಿದ್ರೆ ನಾಳೆ ಬೆಳಗ್ಗೆ ಪಕ್ಕದೂರಲ್ಲಿ ನಂಗೆ ಮೊಟ್ಟೆ ಎಸೀತಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಮ್ಮ." ತೋಳು ಬಿಡಿಸಿಕೊಂಡು ಕಾರು ಹತ್ತಿದ.

ಶುಕ್ರವಾರ ಆಯ್ಕೆ. ಧಾನ್ಯದ ಗೋದಾಮಿನ ಮ್ಯಾನೇಜರನ ಮಗಳು ಡಾರ್ಲೀನ್ ತಾಯಿಯ ಮಾತುಗಳನ್ನು ಅಂಗಡಿಯ ಸಾಮಾನಿನ ಪಟ್ಟಿ ಓದಿದ ಹಾಗೆ ಓದಿದಳು. ಆಮೇಲೆ ಆರ್ಡಿಸ್ ಎದ್ದಳು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. ತೋಳು ಮಡಚಿದಳು, ಮುಖ ಓರೆ ಮಾಡಿ ಮೊದಲ ಕೂಗು ಕೂಗಿದಳು. ನಿನ್ನೆಗಿಂತ ಚೆನ್ನಾಗಿತ್ತು. ಅದು ಅವಳಿಗೇ ಗೊತ್ತಾಯಿತು.

ಮಿಸ್ ಹೇವರ್‌ಕ್ಯಾಂಪ್ ಕುರ್ಚಿ ಉರುಳಿಸಿಕೊಂಡು ಎದ್ದಳು. "ಅಯ್ಯೋ ದೇವರೇ, ವಶೀಕರಣ ಇನ್ನೂ ಇಳಿದಿಲ್ಲ ಇವಳಿಗೆ! ಯಾರಾದ್ರೂ ನೀರು ತನ್ನಿ!"

ಯಾರೋ ನೀರು ತಂದರು. ಯಾರೋ ಭುಜ ಹಿಡಿದು ಅಲ್ಲಾಡಿಸಿದರು. "ನಾಟಕ ಟೀಚರ್, ನಾಟಕ!" ಎಂದು ಆರ್ಡಿಸ್ ಕಿರುಚಿದಳು. ಕಿರುಚಿದಷ್ಟೂ ಅವರು ಗಟ್ಟಿಯಾಗಿ ಹಿಡಿದರು.

ಪಾತ್ರ ಡಾರ್ಲೀನ್‌ಗೆ ಹೋಯಿತು. ಆರ್ಡಿಸ್ ನರ ದುರ್ಬಲವಿರುವ ಹುಡುಗಿ, ಪರದೆಯ ಹಿಂದಿನ ಗಡಿಬಿಡಿಯೂ ಬೇಡ ಎಂದು ಈ ಸಲ ಪುಸ್ತಕವನ್ನೂ ಕೊಡಲಿಲ್ಲ. ಮನೆಯಲ್ಲಿ ತಾಯಿ ಪಾದ್ರಿಯನ್ನು ಕರೆಸಿ ತಲೆಯ ಮೇಲೆ ಕೈ ಇಡಿಸಿದಳು. ಶಾಲೆಯಲ್ಲಿ ಡುವೇನ್ ಕಂಡಕಂಡಲ್ಲಿ ಚಿಟಿಕೆ ಹೊಡೆದು, "ಮಲ್ಕೋ ಚಿನ್ನಾ, ಮಲ್ಕೋ!" ಅನ್ನುತ್ತಿದ್ದ. ಅವಳು ಒಮ್ಮೆ ಅವನ ಕೆನ್ನೆಗೆ ಬಾರಿಸಿದಳು. ವಶೀಕರಣಕ್ಕೆ ಒಳಗಾದವರು ಹಾಗೇ ಕಚ್ಚುತ್ತಾರೆ, ಒದೆಯುತ್ತಾರೆ ಎಂದು ಅದಕ್ಕೂ ಊರು ಕಾರಣ ಹುಡುಕಿತು.

ನಾಟಕದ ಸಂಜೆ ಬಾಗಿಲ ಬಳಿ ಪಾಪ್‌ಕಾರ್ನ್ ಹಂಚುವ ಕೆಲಸ ಆರ್ಡಿಸ್‌ಳದು. ಒಳಗೆ ಡಾರ್ಲೀನ್ ಮಗು ಕಳೆದುಕೊಂಡು ಅತ್ತಳು. ಹಿಂದಿನ ಸಾಲುಗಳಲ್ಲಿ ಕಿಸಕಿಸ ನಗು ಎದ್ದಿತು. ಅದು ಆರ್ಡಿಸ್‌ಗೂ ಕೇಳಿಸಿತು.

ಡುವೇನ್ ಗೆಳೆಯರ ಜೊತೆ ಅವಳ ಮುಂದೆ ಬಂದು ನಿಂತು ಚಿಟಿಕೆ ಹೊಡೆದ.

ಅವಳ ಕೈಯಿಂದ ಪೊಟ್ಟಣ ಜಾರಿತು. ತಲೆ ಎದೆಯ ಮೇಲೆ ಬಿತ್ತು. ಹತ್ತಿರದವರು ಒಬ್ಬರನ್ನೊಬ್ಬರು ತಿವಿದು ತೋರಿಸಿದರು. ಹಿಂದಿನ ಸಾಲಿನವರು ವೇದಿಕೆಗೆ ಬೆನ್ನು ಹಾಕಿ ತಿರುಗಿ ಕೂತರು.

"ಏ ಆರ್ಡಿಸ್, ತಮಾಷೆಗೆ ಕಣೇ. ಏಳೇ... ಎದ್ದೇಳೇ ಮಾರಾಯ್ತಿ!" ಡುವೇನ್ ಅವಳ ಮುಖದ ಮುಂದೆ ಕೈ ಆಡಿಸಿದ.

ಅವಳು ಸಾಕಷ್ಟು ಹೊತ್ತು ಅವರನ್ನು ಹಾಗೇ ಇಟ್ಟುಕೊಂಡಳು. ಡುವೇನ್ ಮತ್ತೆ ಚಿಟಿಕೆ ಹೊಡೆದಾಗ ತಲೆ ಎತ್ತಿದಳು. ಯಾವ ಊರು, ಯಾವ ಜನ ಎಂದು ತಿಳಿಯದವಳಂತೆ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಇನ್ನೊಂದು ಪೊಟ್ಟಣ ತುಂಬಿದಳು.

"ಉಪ್ಪು ಹಾಕ್ಲಾ?" ಎಂದಳು.